ಮಾದರಿ ಮನೆಯ ಜನ

ಬೆರಳ ತುದಿಗೆ ಹತ್ತಿದ ಗೋಂದು ಎಷ್ಟು ಉಜ್ಜಿದರೂ ಹೋಗಲಿಲ್ಲ. ಬೆಳಿಗ್ಗೆ ಬಚ್ಚಲಲ್ಲಿ ಕಲ್ಲಿಗೆ ತಿಕ್ಕಿದ್ದಳು, ಬಸ್ಸಿನಲ್ಲಿ ಉಗುರಿನಿಂದ ಕೆರೆದಿದ್ದಳು, ಈಗ ಆಫೀಸಿನ ಮೆಟ್ಟಿಲ ಮೇಲೆ ಕೂತು ಹಲ್ಲಿನಿಂದ ಎಳೆದಾಗ ಗೋಂದಿನ ಜೊತೆ ಒಂದು ಚೂರು ಚರ್ಮವೂ ಕಿತ್ತುಬಂತು. ಬರಲಿ ಬಿಡು ಎನ್ನಿಸಿತು. ಆಫೀಸಿನಲ್ಲಿ ಎಲ್ಲರ ಹತ್ತಿರವೂ ಬೀಗದ ಕೈ ಇದೆ, ಇಂಟರ್ನ್ ಹತ್ತಿರ ಮಾತ್ರ ಇಲ್ಲ. ಆದರೆ ಎಲ್ಲರಿಗಿಂತ ಮೊದಲು ಬರಬೇಕಾದವಳು ಇಂಟರ್ನೇ. ಹೀಗಾಗಿ ದಿನದ ಮೊದಲ ಕೆಲಸವೆಂದರೆ ಮೆಟ್ಟಿಲ ಮೇಲೆ ಕಾಯುವುದು. ಮೇಲಿನ ಮಹಡಿಯ ಹಲ್ಲಿನ ಡಾಕ್ಟರ ಹತ್ತಿರ ಹೋಗುವವರು ಕೆನ್ನೆ ಹಿಡಿದುಕೊಂಡೇ ಅವಳನ್ನು ದಾಟುತ್ತ, ‘ಡಾಕ್ಟ್ರು ಬಂದಿದಾರಾ?’ ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದರೆ ಹಲ್ಲು ನೋಯುತ್ತಿರುವುದೇ ಇವಳಿಂದ ಎಂಬಂತೆ ನೋಡುತ್ತಾರೆ. ಐದು ವರ್ಷ ಮನೆ ಕಟ್ಟುವುದನ್ನು ಓದಿ, ಪದವಿಯ ದಿನ ಅಕ್ಕ ಭಾವನ ನಡುವೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು, ಕೊನೆಗೆ ಬಂದು ಸೇರಿದ್ದು ಹೆಸರೂ ಬೇಡವಾದ ಜಾಗಕ್ಕೆ. ಇಂಟರ್ನ್‌ಗೆ ಹೇಳಿ, ಇಂಟರ್ನ್ ಕೈಲಿ ಕಳ್ಸಿ, ಈ ಬ್ಲೇಡನ್ನ ಇಲ್ಲಿ ಬಿಟ್ಟೋರ್ಯಾರು, ಇಂಟರ್ನಾ? ಅವಳಿಗಿಂತ ಮೊದಲಿದ್ದವನೂ ಇಂಟರ್ನೇ, ಮುಂದೆ ಬರುವವಳೂ ಇಂಟರ್ನೇ. ಮನೆಯಲ್ಲಿ ಪುಟ್ಟಿ, ಇಲ್ಲಿ ಇಂಟರ್ನ್. ಎರಡು ಕಡೆಯೂ ದೊಡ್ಡವಳಾಗುವ ಲಕ್ಷಣವಿಲ್ಲ.

ಸುಸ್ತು. ನಿದ್ದೆಗೆಟ್ಟ ಸುಸ್ತಲ್ಲ, ರಾತ್ರಿಯೆಲ್ಲ ಚೆನ್ನಾಗಿಯೇ ನಿದ್ದೆ ಬಂದಿತ್ತು, ಅದಕ್ಕೇ ಇನ್ನಷ್ಟು ಬೇಜಾರು. ನಿನ್ನೆ ಮಾಡಿದ ಕೆಲಸಕ್ಕೆ ಕನಿಷ್ಠ ಒಂದು ರಾತ್ರಿಯ ನಿದ್ದೆಯಾದರೂ ಕೆಡಬೇಕಿತ್ತಲ್ಲ, ಎಂಥ ದಪ್ಪ ಚರ್ಮ ನಿನ್ನದು ಎಂದು ತನ್ನನ್ನೇ ಬೈದುಕೊಂಡಳು. ಗಡ್ಡ ಬಂದ. ಅವನು ಅಲ್ಲಿ ಮೂರು ವರ್ಷದಿಂದ ಇರುವ ಆರ್ಕಿಟೆಕ್ಟ್, ಗಡ್ಡ ಬಿಟ್ಟಮೇಲೆ ಅವನ ಹೆಸರನ್ನೂ ಎಲ್ಲರೂ ಬಿಟ್ಟಿದ್ದರು. ‘ಏನಮ್ಮ, ಮೆಟ್ಟಿಲಿಗೆ ಬೇರು ಬಿಟ್ಟಿದೀಯ’ ಎಂದು ಬೀಗ ತೆಗೆದ. ಒಳಗೆ ದೊಡ್ಡ ಮೇಜಿನ ಮೇಲೆ ಬಿಳಿ ಬಟ್ಟೆ ಹೊದೆಸಿಟ್ಟ ಮಾಡೆಲ್. ಬಟ್ಟೆ ಎತ್ತಿದರೆ ಸಾರಿಗೆ ಇಲಾಖೆಯ ಡ್ರೈವರು ಕಂಡಕ್ಟರುಗಳಿಗೆ ಕಟ್ಟಲಿರುವ ಹೊಸ ಕ್ವಾರ್ಟರ್ಸಿನ ಒಂದು ಮನೆ. ಚಾವಣಿ ಇಲ್ಲದ್ದರಿಂದ ಮೇಲಿನಿಂದ ಬಗ್ಗಿ ನೋಡಿದರೆ ಹಾಲ್, ಅಡಿಗೆಮನೆ, ಒಂದು ಮಲಗುವ ಕೋಣೆ ಎಲ್ಲ ಕಾಣುತ್ತದೆ. ಒಂದೊಂದು ಗೋಡೆಯನ್ನೂ ಅವಳೇ ಕತ್ತರಿಸಿದ್ದು, ಕಿಟಕಿಯ ಸರಳುಗಳನ್ನು ಅವಳೇ ಇಕ್ಕಳದಲ್ಲಿ ಹಿಡಿದು ಅಂಟಿಸಿದ್ದು. ಮೊದಮೊದಲು ಆ ಪುಟ್ಟ ಮನೆಯ ಮೇಲೆ ಅವಳಿಗೆ ಮೋಹವೇ ಹುಟ್ಟಿತ್ತು. ಆಫೀಸಿನವರೆಲ್ಲ ಊಟಕ್ಕೆ ಹೋದಾಗ ಗಲ್ಲವನ್ನು ಮೇಜಿಗೆ ಊರಿ, ಕಣ್ಣನ್ನು ಬಾಗಿಲಿನ ಮಟ್ಟಕ್ಕೆ ತಂದು ಒಳಗೆ ಇಣುಕುತ್ತಿದ್ದಳು. ಆಗ ಗೋಡೆಗಳು ಆಳೆತ್ತರವಾಗಿ, ಕಿಟಕಿಯಿಂದ ಬೆಳಕು ಬಿದ್ದು, ಯಾರೋ ಈಗಷ್ಟೇ ಎದ್ದು ಹೋದ ಮನೆಯಂತೆ ಕಾಣುತ್ತಿತ್ತು. ಅದು ಯಾರ ಮನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈ ಕಟ್ಟಡ ಏಳುವ ಜಾಗದಲ್ಲಿ ಈಗಿರುವ ಎರಡಂತಸ್ತಿನ ಹಳೇ ಕ್ವಾರ್ಟರ್ಸಿನಲ್ಲೇ ಅವಳು ಅಕ್ಕ ಭಾವನ ಜೊತೆ ಇರುವುದು. ಇಂಟರ್ವ್ಯೂನಲ್ಲಿ ಸರ್ ಮನೆಯವರ ಬಗ್ಗೆ ಕೇಳಿದಾಗ, ‘ಭಾವ ಸಾರಿಗೆ ಇಲಾಖೆಯಲ್ಲಿದ್ದಾರೆ’ ಎಂದಿದ್ದಳು. ಸುಳ್ಳೇನಲ್ಲ. ಭಾವ ಬಸ್ ಓಡಿಸುತ್ತಾರೆ ಎಂದು ಹೇಳಲು ಬಾಯಿ ಬರಲಿಲ್ಲ, ಅಷ್ಟೆ. ಸರ್ ತಲೆಯಾಡಿಸಿದ ರೀತಿಯಲ್ಲಿ ಭಾವ ಆಫೀಸರಾಗಿಬಿಟ್ಟಿದ್ದರು, ಅವಳೂ ಆಗಲಿ ಎಂದು ಬಿಟ್ಟಳು.

ನಿನ್ನೆ ಸಂಜೆ ಸರ್ ಬಂದು ಕೈ ಹಿಂದೆ ಕಟ್ಟಿಕೊಂಡು ಮಾಡೆಲ್ ಸುತ್ತ ಒಂದು ಸುತ್ತು ಹಾಕಿದ್ದರು. ಆಫೀಸೇ ಅವರದು, ಉಸಿರೂ ಅವರದು ಎಂಬಂತೆ ಎಲ್ಲರೂ ನಿಂತಿದ್ದರು. ಹಾಲ್‌ನಲ್ಲಿ ಅವಳು ನಿಲ್ಲಿಸಿದ್ದ ಬಿಳಿ ಗೊಂಬೆಗಳು ನಾಲ್ಕು: ಗಂಡಸು, ಹೆಂಗಸು, ಒಂದು ಮಗು, ಕಿಟಕಿ ಹತ್ತಿರ ಒಬ್ಬ ಮುದುಕಿ. ಮಲಗುವ ಕೋಣೆಯಲ್ಲಿ ಒಂದು ಮಂಚ. ಮನೆ ಯಾವ ಅಳತೆಗೆ ಕುಗ್ಗಿದೆಯೋ ಅದೇ ಅಳತೆಗೆ ಜನರೂ ಮಂಚವೂ ಕುಗ್ಗಿದ್ದರು; ಕಾಲೇಜಿನಲ್ಲಿ ಕಲಿಸಿದ ಮೊದಲ ಪಾಠ ಅದೇ. ಸರ್ ಬಹಳ ಹೊತ್ತು ನೋಡಿದರು. ಮಂಚ ಹಾಕಿದ ಮೇಲೆ ಕೋಣೆಯ ಬಾಗಿಲು ಅರ್ಧ ತೆರೆದು ಮಂಚದ ಕಾಲಿಗೆ ತಾಗಿ ನಿಂತಿತ್ತು. ಗಂಡಸು ಗೊಂಬೆಯ ಭುಜ ಗೋಡೆಗೆ ಒರಗಿದಂತಿತ್ತು. ಸರ್ ಕನ್ನಡಕ ತೆಗೆದು ಒರೆಸಿಕೊಂಡು, ಒಂದು ಚೂರೂ ದನಿ ಏರಿಸದೆ, ‘ಮನೆ ಸರಿಯಾಗಿದೆ. ಜನಾನೇ ದೊಡ್ಡದಾಯ್ತು’ ಎಂದರು. ಹಾಗೆಂದು ಟೋಪಿ ಹಾಕಿಕೊಂಡು ಹೊರಟುಹೋದರು. ಅವಳಿಗೆ ಅರ್ಥವಾಗಲಿಲ್ಲ. ತಾನು ಕತ್ತರಿಸುವಾಗ ಎಲ್ಲೋ ತಪ್ಪಿರಬೇಕು ಎಂದು ಸ್ಕೇಲ್ ತಂದು ಗೊಂಬೆಯ ಪಕ್ಕ ಹಿಡಿದಳು. ಸರಿಯಾಗಿಯೇ ಇತ್ತು. ಗಡ್ಡ ನಗುತ್ತ ಬಂದು ಕುರ್ಚಿ ಎಳೆದುಕೊಂಡ. ‘ಏ ಪಾಪ, ಅಳೀತಿದೀಯಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಜನ ಎಲ್ಲಿ ಕೇಳ್ತಾರೆ? ಅದಕ್ಕೆ ನಾವು ಕಾಲನ್ನೇ ಕಮ್ಮಿ ಮಾಡ್ತೀವಿ.’ ಗೋಡೆ ಮುಟ್ಟಬೇಡ, ಜನರನ್ನು ಒಂದು ಕಾಲುಭಾಗ ಇಳಿಸು, ಮಂಚವನ್ನೂ ಇಳಿಸು ಎಂದ. ನಕ್ಷೆಯಲ್ಲಿ ಅಂಕಿ ಸರಿಯಾಗಿದೆ, ನಾವೇನು ಅಂಕಿ ತಿದ್ದಿದೀವಾ? ನಾಳೆ ನೋಡೋಕೆ ಬರೋ ಸಂಘದವರ ಮುಂದೇನೇ ಗೋಡೆಗೆ ಹಚ್ಚಿರ್ತೀವಿ. ಓದ್ಕೊಳ್ಳೋರು ಓದ್ಕೊಳ್ಲಿ. ‘ಎಲ್ಲಾ ಕಡೆ ಮಾಡೋದೇ ಇದು. ನೀನೊಬ್ಳು ಸತ್ಯದ ತಲೆ ಮೇಲೆ ಹೊಡೆದಂಗೆ ಮುಖ ಮಾಡ್ಬೇಡ.’

ಅವಳು ಮುಖ ಮಾಡಲಿಲ್ಲ. ಬ್ಲೇಡು ತೆಗೆದುಕೊಂಡು ಕೂತಳು. ಕೂತದ್ದೇ ಆಶ್ಚರ್ಯ, ಇನ್ನೊಂದು ಮಾತು ಕೇಳದೆ, ಇದು ತಪ್ಪಲ್ಲವಾ ಎಂದು ಬಾಯಿಮಾತಿಗೂ ಅನ್ನದೆ. ಮಾಡುತ್ತಾ ಮಾಡುತ್ತಾ ಕೆಲಸದ ರುಚಿಯೇ ಹತ್ತಿತು. ಸಣ್ಣ ಗೊಂಬೆಗೆ ಸಣ್ಣ ಕತ್ತು, ಸಣ್ಣ ಮಂಚಕ್ಕೆ ಸಣ್ಣ ದಿಂಬು. ದಿಂಬು ಎಷ್ಟು ಚೆನ್ನಾಗಿ ಬಂತೆಂದರೆ ಗಡ್ಡನನ್ನು ಕರೆದು ತೋರಿಸಿದಳು. ಹೊಸ ಜನರನ್ನು ನಿಲ್ಲಿಸಿದ ಕೂಡಲೇ ಮನೆ ಉಸಿರೆಳೆದುಕೊಂಡು ದೊಡ್ಡದಾಯಿತು. ಮಂಚದ ಸುತ್ತ ಓಡಾಡಲು ಜಾಗ ಬಂತು, ಬಾಗಿಲು ಪೂರ್ತಿ ತೆರೆಯಿತು, ಹಾಲ್‌ನಲ್ಲಿ ಮಗು ಓಡಬಹುದಾಗಿತ್ತು. ಕಣ್ಣಾರೆ ಕಾಣುತ್ತಿರುವಾಗ ಸುಳ್ಳು ಎನ್ನುವುದು ಹೇಗೆ? ಈಗ ತಾವಿರುವ ಮನೆಯಲ್ಲೂ ಇರುವುದು ಒಂದೇ ಕೋಣೆ. ಅವಳು ಕಾಲೇಜು ಸೇರಿದ ವರ್ಷ ದೊಡ್ಡ ಹಾಳೆಗಳನ್ನು ಹರಡಿಕೊಳ್ಳಲು ಜಾಗ ಸಾಲದೆ ಅತ್ತಾಗ, ಭಾವ ಮಂಚ ಬಿಚ್ಚಿ ಯಾರಿಗೋ ಕೊಟ್ಟುಬಂದು ಅಲ್ಲಿ ಮೇಜು ಹಾಕಿಸಿದ್ದರು. ಅಂದಿನಿಂದ ಅಕ್ಕ ಅಡಿಗೆಮನೆಯಲ್ಲಿ, ಭಾವ ಬಾಗಿಲ ಹತ್ತಿರದ ಓಣಿಯಂಥ ಜಾಗದಲ್ಲಿ ಚಾಪೆ ಹಾಸಿ ಮಲಗುವುದು. ದಿನವಿಡೀ ಸ್ಟೀರಿಂಗ್ ಹಿಡಿದ ಬೆನ್ನು. ಬೆಳಿಗ್ಗೆ ಏಳುವಾಗ ಮೊದಲು ಮಗ್ಗುಲಾಗಿ, ಆಮೇಲೆ ಮೊಣಕಾಲೂರಿ, ಗೋಡೆ ಹಿಡಿದು, ಅಯ್ಯಪ್ಪ ಎಂದು ಹಲ್ಲು ಕಚ್ಚಿ ಏಳುತ್ತಾರೆ. ಅವಳು ಎಚ್ಚರವಾಗಿದ್ದರೂ ಕಣ್ಣು ಮುಚ್ಚಿಕೊಂಡೇ ಇರುತ್ತಾಳೆ. ಓದು ಮುಗಿದರೂ ಮೇಜು ಹಾಗೇ ಇದೆ. ಹೊಸ ಮನೆಗೆ ಹೋದಮೇಲೆ ಒಂದು ಮಂಚ ಮಾಡಿಸಿಬಿಡೋಣ ಎಂದು ಭಾವ ವರ್ಷದಿಂದ ಹೇಳುತ್ತಿದ್ದಾರೆ.

ಹನ್ನೊಂದು ಗಂಟೆಗೆ ನೌಕರರ ಸಂಘದವರು ಬಂದರು. ಎಲ್ಲರೂ ಖಾಕಿಯಲ್ಲೇ, ಡ್ಯೂಟಿ ನಡುವೆ ಬಿಡುವು ಮಾಡಿಕೊಂಡು. ಬೂಟಿನ ಸದ್ದಿಗೆ ತಾವೇ ಗಾಬರಿಯಾದವರಂತೆ ಬಾಗಿಲಲ್ಲಿ ಗುಂಪುಗಟ್ಟಿ ನಿಂತರು. ಹಿಂದೆ, ಎಲ್ಲರಿಗಿಂತ ಅರ್ಧ ತಲೆ ಎತ್ತರಕ್ಕೆ, ಭಾವ. ಬರುತ್ತೇನೆಂದು ಹೇಳಿರಲೇ ಇಲ್ಲ. ಈಗ ‘ಪುಟ್ಟಿ’ ಎಂದು ಕರೆದುಬಿಡುತ್ತಾರೆ, ಸರ್ ತಿರುಗಿ ನೋಡುತ್ತಾರೆ, ಆಫೀಸರು ಭಾವ ಕರಗಿ ಖಾಕಿ ಭಾವ ಉಳಿಯುತ್ತಾರೆ. ಹಾಳಾದ ಮನಸ್ಸಿಗೆ ಮೊದಲು ಹೊಳೆದದ್ದು ಅದೇ; ಗೊಂಬೆಗಳ ನೆನಪು ಬಂದದ್ದು ಆಮೇಲೆ. ಭಾವ ಅವಳನ್ನು ನೋಡಿದರು, ನೋಡಿದ್ದನ್ನು ಅಲ್ಲಿಗೇ ಬಿಟ್ಟು ಕಣ್ಣನ್ನು ಮಾಡೆಲ್ ಕಡೆ ತಿರುಗಿಸಿದರು. ಅವಳಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯಾಯಿತು. ಸರ್ ಗೋಡೆಯ ನಕ್ಷೆ ತೋರಿಸಿ ಮಾತಾಡಿದರು. ಯಾರೂ ಅತ್ತ ನೋಡಲಿಲ್ಲ, ಎಲ್ಲರೂ ಆಗಲೇ ಪುಟ್ಟ ಮನೆಯ ಮೇಲೆ ಬಗ್ಗಿದ್ದರು. ‘ಆ ಗೆರೆ ಎಲ್ಲ ನಮ್ಗೆ ತಿಳಿಯಲ್ಲ ಸಾರ್, ಇದು ತಿಳಿಯುತ್ತೆ’ ಎಂದ ಒಬ್ಬ. ಒಬ್ಬನಂತೂ ಕೈ ಬೆನ್ನಿಗೆ ಕಟ್ಟಿಕೊಂಡು, ಮುಟ್ಟಿದರೆ ಬಿದ್ದೀತು ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಭಾವ ಸರಿಯಾಗಿ ಮಲಗುವ ಕೋಣೆಯ ಮೇಲೆ ಬಂದು ನಿಂತರು.

‘ಮೇಡಮ್’ ಎಂದರು ಭಾವ. ಅವಳು ಅತ್ತಿತ್ತ ನೋಡಿದಳು. ಮೇಡಮ್ ಎಂದರೆ ತಾನೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ‘ಮೇಡಮ್, ಈ ಗೊಂಬೆ ಅಂದ್ರೆ ನಮ್ಮಂಥೋರ ಅಳತೇನೇ ತಾನೆ? ನನ್ನಷ್ಟು ಎತ್ತರ ಅನ್ಕೊಬೋದಾ?’

ಗಡ್ಡ ಅವಳ ಬದಲು ಉತ್ತರ ಕೊಡಲು ಬಾಯಿ ತೆರೆದ. ಆದರೆ ಭಾವ ಕೇಳಿದ್ದು ಅವಳನ್ನು, ನೋಡುತ್ತಿದ್ದದ್ದೂ ಅವಳನ್ನೇ. ಐದು ವರ್ಷ ಈ ಹುಡುಗಿ ಓದಿದ್ದು ಇಂಥ ಒಂದು ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ಎಂಬಂತೆ, ಮೀಸೆಯ ಕೆಳಗೆ ನಗು ಅಡಗಿಸಿಕೊಂಡು. ಸರ್ ಕನ್ನಡಕ ಒರೆಸುತ್ತಿದ್ದರು.

‘ಹೌದು ಸರ್’ ಎಂದಳು.

ಭಾವ ಗಂಡಸು ಗೊಂಬೆಯನ್ನು ಎರಡು ಬೆರಳಲ್ಲಿ ಹಗುರವಾಗಿ ಎತ್ತಿ ಮಂಚದ ಮೇಲೆ ಅಂಗಾತ ಮಲಗಿಸಿದರು. ಗೊಂಬೆ ಆರಾಮಾಗಿ ಮಲಗಿತು. ತಲೆ ಅವಳು ಕೈಯಾರೆ ಮಾಡಿದ ದಿಂಬಿನ ಮೇಲೆ, ಕಾಲಿನಾಚೆ ಇನ್ನೂ ಜಾಗ. ‘ಹೋಯ್, ನೋಡ್ರಪ್ಪಾ, ಮಂಚಾನೂ ಹಿಡಿಯುತ್ತೆ, ಬೀರೂನೂ ಹಿಡಿಯುತ್ತೆ’ ಎಂದು ಜೊತೆಯವರಿಗೆ ಹೇಳಿದರು. ಎಲ್ಲರೂ ಒಬ್ಬರ ಭುಜದ ಮೇಲೊಬ್ಬರು ಬಗ್ಗಿ ನೋಡಿದರು. ಒಬ್ಬ ತನ್ನ ತಾಯಿಯನ್ನು ಕಿಟಕಿ ಹತ್ತಿರ ಮಲಗಿಸುವ ಲೆಕ್ಕ ಹಾಕಿದ. ಭಾವ ಗೊಂಬೆಯನ್ನು ಮೊದಲಿದ್ದಲ್ಲೇ ನಿಲ್ಲಿಸಿ, ಅದು ಬೀಳದೆ ನಿಂತಿತೆಂದು ಖಾತ್ರಿಯಾದ ಮೇಲೆ ಕೈ ತೆಗೆದರು. ಸೋಮವಾರ ಡಿಪೋದಲ್ಲಿ ಸಭೆ ಕರೆದು ಕೈ ಎತ್ತಿಸಿ ಒಪ್ಪಿಗೆ ತಿಳಿಸುತ್ತೇವೆ ಎಂದು ಹೇಳಿ ಎಲ್ಲರೂ ಹೊರಟರು. ಹೋಗುವಾಗಲೂ ಭಾವ ತಿರುಗಿ ನೋಡಲಿಲ್ಲ.

ಸರ್ ಅವಳನ್ನು ಕೋಣೆಗೆ ಕರೆದದ್ದು ಅದೇ ಮೊದಲು. ‘ಸೋಮವಾರ ಅವರು ಕೈ ಎತ್ತಲಿ. ಮಂಗಳವಾರ ಬಂದು ನನ್ನ ನೋಡಿ. ಇಂಟರ್ನ್ ಅನ್ನೋದು ಸಾಕು ಇನ್ನು’ ಎಂದರು. ಸಂಘ ಒಪ್ಪದಿದ್ದರೆ ನಕ್ಷೆ ಮೊದಲಿನಿಂದ ಆಗಬೇಕು, ಕೆಲಸ ಬೇರೆಯವರ ಪಾಲಾಗುತ್ತದೆ, ಆಗ ಇಲ್ಲಿ ಇರುವವರಿಗೇ ಕುರ್ಚಿ ಉಳಿಯುವುದು ಕಷ್ಟ ಎಂಬುದನ್ನೂ ಸೇರಿಸಿದರು. ಬಯ್ಯಲಿಲ್ಲ, ಹೆದರಿಸಲಿಲ್ಲ. ಕುಡಿಯಲು ನೀರು ಕೊಟ್ಟರು. ಈ ಒಂದು ಮಾತಿಗಾಗಿ ಅವಳು ಎಷ್ಟು ದಿನ ಮೆಟ್ಟಿಲ ಮೇಲೆ ಕೂತಿದ್ದಳು. ಕೈಗೆ ಬಂದ ತುತ್ತು. ನುಂಗುವುದಕ್ಕೆ ಏನಾಗಿದೆ ದಾಡಿ?

ಶನಿವಾರವಾದ್ದರಿಂದ ಬೇಗ ಬಿಟ್ಟರು. ಬಸ್ ಸ್ಟಾಪಿನಿಂದ ಆಚೆ, ಔಷಧಿ ಅಂಗಡಿಯ ನೆರಳಿನಲ್ಲಿ ಭಾವ ನಿಂತಿದ್ದರು. ಡ್ಯೂಟಿ ಮುಗಿಸಿ ಬಂದು ಕಾಯುತ್ತಿದ್ದರಂತೆ. ಸ್ಟಾಪಿನಲ್ಲೇ ಯಾಕೆ ನಿಲ್ಲಲಿಲ್ಲ ಎಂದರೆ, ‘ನಿಮ್ಮಾಫೀಸ್ನೋರು ಯಾರಾದ್ರೂ ಬಂದ್ರೆ? ನಾನು ಅಲ್ಲೂ ಗುರುತು ತೋರಿಸ್ಕೊಳ್ಳಲಿಲ್ಲ, ನೋಡ್ದೆ ತಾನೆ? ನಿಂಗೆ ಯಾಕೆ ಮುಜುಗರ ಅಂತ’ ಎಂದರು. ಅದನ್ನೊಂದು ಜಾಣತನವೆಂಬಂತೆ ಹೇಳಿಕೊಂಡರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಬಸ್ಸಿನಲ್ಲಿ ಕಂಡಕ್ಟರ್ ಗುರುತಿನವನು, ಭಾವನಿಗೆ ಸೀಟು ಬಿಡಿಸಿಕೊಟ್ಟ. ಭಾವ ಅವಳನ್ನು ಕೂರಿಸಿ ತಾವು ಕಂಬಕ್ಕೆ ಒರಗಿ ನಿಂತು ದಾರಿಯುದ್ದಕ್ಕೂ ಮಾತಾಡಿದರು. ಸಭೆಯಲ್ಲಿ ಕೆಲವರು ಬೇಡ ಅನ್ನುತ್ತಾರಂತೆ, ಬೆಂಕಿಪೊಟ್ಟಣ ಕಟ್ಟಿಕೊಡ್ತಾರೆ ಅನ್ನುತ್ತಾರಂತೆ. ‘ನಾನಂದೆ, ಅಲ್ರಯ್ಯ, ಅಳತೆ ಹಾಕಿದ ಹುಡುಗಿ ಬಾಯಿಂದ್ಲೇ ಕೇಳ್ದೆವಲ್ಲ. ನೀನು ಯಾರು ಅಂತ ಮಾತ್ರ ಹೇಳ್ಲಿಲ್ಲ.’ ಅವಳು ಕಿಟಕಿಯ ಸರಳಿಗೆ ಹಣೆ ಹಚ್ಚಿದಳು. ಭಾವ, ಒಂದು ವಿಷಯ, ಎಂದು ಎರಡು ಸಲ ಬಾಯಿವರೆಗೆ ಬಂತು. ಒಂದು ಸಲ ಬಸ್ಸು ಹಾರನ್ ಹೊಡೆಯಿತು, ಇನ್ನೊಂದು ಸಲ ಏನೂ ಆಗಲಿಲ್ಲ, ಆದರೂ ಹೇಳಲಿಲ್ಲ. ಮನೆ ಹತ್ತಿರ ಇಳಿದಾಗ ಭಾವ, ‘ಅಕ್ಕಂಗೆ ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಮೇಲೆ ಬಟ್ಟೆ ತೆಗೀತಿರ್ತಾಳೆ, ನೆಲದ ಮೇಲೆ ಗೆರೆ ಎಳ್ದು ತೋರಿಸ್ಬಿಡು ಕೋಣೇನ. ನಾನು ಸ್ನಾನ ಮಾಡಿ ಬರ್ತೀನಿ’ ಎಂದರು.

ತಾರಸಿಯ ಮೇಲೆ ಇನ್ನೂ ಬಿಸಿಲಿತ್ತು. ಅಕ್ಕ ಒಣಗಿದ ಬಟ್ಟೆಗಳನ್ನು ಭುಜದ ಮೇಲೆ ಹೇರಿಕೊಂಡು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಬಂದಳು. ಹೊಸ ಮನೆಯ ಕೋಣೆ ತೋರಿಸುತ್ತೇನೆ ಎಂದ ತಕ್ಷಣ ಬಟ್ಟೆಯನ್ನೆಲ್ಲ ನೀರಿನ ಟ್ಯಾಂಕಿನ ಮೇಲೆ ಎಸೆದು ಸೆರಗು ಸಿಕ್ಕಿಸಿ ನಿಂತಳು. ಅವಳು ಬ್ಯಾಗಿನಿಂದ ಟೇಪು ತೆಗೆದಳು, ಅಕ್ಕ ಒಂದು ತುದಿ ಹಿಡಿದಳು. ಮೂಲೆಯಲ್ಲಿ ಬಿದ್ದಿದ್ದ ಇಟ್ಟಿಗೆ ಚೂರಿನಿಂದ ಗೆರೆ. ಎಷ್ಟು ಎಳೆಯಬೇಕೆಂದು ಅವಳು ಯೋಚಿಸಿರಲಿಲ್ಲ. ಸ್ವಲ್ಪ ಆಚೆ ಎಳೆದರೆ ಯಾರಪ್ಪನ ಗಂಟು ಹೋಗುತ್ತದೆ, ತಾರಸಿ ತುಂಬ ಜಾಗವಿದೆ. ಆದರೆ ಟೇಪು ಹಿಡಿದ ಕೈ ನಕ್ಷೆಯ ಅಂಕಿಗೆ ಬಂದು ನಿಂತುಬಿಟ್ಟಿತು. ನಾಲ್ಕು ಗೆರೆ ಎಳೆದು ಬಾಗಿಲಿಗೆ ಜಾಗ ಬಿಟ್ಟು ಎದ್ದಳು. ಅಕ್ಕ ಬಾಗಿಲಿನಿಂದಲೇ ಒಳಗೆ ಹೋದಳು. ಒಂದು ಹೆಜ್ಜೆ, ಎರಡು ಹೆಜ್ಜೆ, ಗೋಡೆ. ತಿರುಗಿದಳು, ಮತ್ತೆ ಗೋಡೆ.

‘ಇಷ್ಟೇನಾ?’

‘ಇಷ್ಟೇ.’

ಅಕ್ಕ ಕೂತಳು, ಆಮೇಲೆ ಅಂಗಾತ ಮಲಗಿದಳು. ಅಕ್ಕ ಕುಳ್ಳಿ, ಅವಳ ಕಾಲೇ ಬಾಗಿಲ ಜಾಗಕ್ಕೆ ಬಂತು. ಆಕಾಶ ನೋಡುತ್ತ ಕೇಳಿದಳು, ‘ಮಧ್ಯಾಹ್ನ ಫೋನ್ ಮಾಡಿದ್ರು ನಿಮ್ಮ ಭಾವ. ಗೊಂಬೆ ಮಂಚದ ಮೇಲೆ ಮಲಗಿ ಇನ್ನೂ ಜಾಗ ಮಿಕ್ಕಿತ್ತು ಅಂದ್ರಲ್ಲೇ?’

‘ಗೊಂಬೆ ಚಿಕ್ಕದು ಅಕ್ಕ. ಬೇಕು ಅಂತಾನೇ ಚಿಕ್ಕದು ಮಾಡಿದ್ದು. ನಾನೇ ಮಾಡಿದ್ದು.’ ‘ಭಾವ ನನ್ನ ಕೇಳಿದ್ರು, ಎಲ್ಲರ ಮುಂದೆ. ಹೌದು ಅಂದೆ.’

ಅಕ್ಕ ಎದ್ದು ಕೂತಳು. ಬಯ್ಯುತ್ತಾಳೆ ಎಂದುಕೊಂಡಳು, ಬಯ್ಯಲಿ ಎಂದು ಆಸೆಯಾಯಿತು. ಚಿಕ್ಕವಳಿದ್ದಾಗ ಲೋಟ ಒಡೆದರೆ ಬೀಳುತ್ತಿದ್ದಂಥ ಒಂದು ಏಟು ಬಿದ್ದಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಅಕ್ಕ ಕೇಳಿದ್ದು ಬೇರೆ. ‘ಇದನ್ನ ಈಗ ಹೇಳಿದ್ರೆ ನಿನ್ನ ಕೆಲಸ?’

‘ಹೋಗುತ್ತೆ. ಹೇಳ್ದೇ ಇದ್ರೆ ಮಂಗಳವಾರ ಖಾಯಂ ಮಾಡ್ತಾರೆ.’

ಮೆಟ್ಟಿಲ ಮೇಲೆ ಭಾವ ಏರಿ ಬರುವ ಸದ್ದು ಕೇಳಿಸಿತು. ಬೆನ್ನು ಹಿಡಿದುಕೊಂಡಾಗ ಅವರು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು ಏರುತ್ತಾರೆ. ಅಕ್ಕ ಥಟ್ಟನೆ ಎದ್ದಳು. ತಂಗಿಯ ಕೈಯಿಂದ ಇಟ್ಟಿಗೆ ಚೂರು ಕಿತ್ತುಕೊಂಡಳು. ಉದ್ದನೆಯ ಗೆರೆಯನ್ನು ಅಂಗಾಲಿನಿಂದ ಪರಪರ ಉಜ್ಜಿ, ಒಂದು ದೊಡ್ಡ ಹೆಜ್ಜೆ ಆಚೆ ಹೋಗಿ, ಬಗ್ಗಿ, ಹೊಸ ಗೆರೆ ಎಳೆದಳು. ಅವಸರಕ್ಕೆ ಗೆರೆ ಸೊಟ್ಟಗಾಯಿತು. ‘ಏನೂ ಮಾತಾಡ್ಬೇಡ. ಐದು ವರ್ಷ ಕಳೆದಿದೀವಿ, ಇನ್ನು ಮುಂದೂ ಕಳೀತೀವಿ. ನೆಲದ ಮೇಲೆ ಮಲಗಿ ಯಾರೂ ಸತ್ತಿಲ್ಲ’ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಆಮೇಲೆ ಬೇರೆಯೇ ದನಿಯಲ್ಲಿ, ‘ಬನ್ನಿ ಬನ್ನಿ, ನಿಮ್ಮ ಅರಮನೆ ನೋಡಿ’ ಎಂದಳು.

ಭಾವ ಒದ್ದೆ ತಲೆಯಲ್ಲಿ ಬಂದರು. ಗೆರೆಯ ಹತ್ತಿರ ಬಂದು, ನಿಜವಾದ ಮನೆಯೆಂಬಂತೆ ಚಪ್ಪಲಿಯನ್ನು ಹೊರಗೆ ಬಿಟ್ಟು, ಬಾಗಿಲ ಜಾಗದಿಂದ ಒಳಗೆ ಬಂದರು. ಈ ಗೋಡೆಯಿಂದ ಆ ಗೋಡೆಗೆ ನಡೆದರು. ಇಲ್ಲಿ ಮಂಚ, ಇಲ್ಲಿ ನಿಮ್ಮಕ್ಕನ ಬೀರು, ಮೇಜು ಎಲ್ಲಿಗೂ ಹೋಗಲ್ಲ, ಅದು ಪುಟ್ಟಿಗೆ ಬೇಕು, ಅದು ಕಿಟಕಿ ಹತ್ತಿರ ಇರಲಿ ಎಂದು ಕೈ ತೋರಿಸಿದರು. ಅಕ್ಕ ಹೂಂ ಹೂಂ ಎಂದಳು. ಅಕ್ಕ ಅಷ್ಟು ಚೆನ್ನಾಗಿ ಸುಳ್ಳು ಹೇಳಬಲ್ಲಳೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಎಲ್ಲಿಂದ ಕಲಿತಳು, ಇನ್ನು ಯಾವುದಕ್ಕೆಲ್ಲ ಹೀಗೆ ಹೂಂ ಎಂದಿದ್ದಳು? ಭಾವ ನಡೆದು ನಡೆದು ಕೊನೆಗೆ ಅಕ್ಕ ಎಳೆದ ಸೊಟ್ಟ ಗೆರೆಗೆ ಬೆನ್ನು ಮಾಡಿ, ಅದಕ್ಕೂ ಅಳಿಸಿದ ಗೆರೆಗೂ ನಡುವೆ ನಿಂತರು. ಬೆನ್ನನ್ನು ಹಿಂದಕ್ಕೆ ಬಾಗಿಸಿ ಸಡಿಲ ಮಾಡಿಕೊಂಡರು.

‘ಸೋಮವಾರ ಯಾರು ಏನೇ ಅನ್ಲಿ, ಮೊದಲನೇ ಕೈ ನಂದೇ’ ಎಂದು ಬಲಗೈಯನ್ನು ನೇರ ಮೇಲಕ್ಕೆತ್ತಿ ತೋರಿಸಿದರು. ‘ಹಿಂಗೆ.’

ಅಕ್ಕ ಅವಳನ್ನೇ ನೋಡುತ್ತಿದ್ದಳು, ಬೇಡ ಎಂದು ಸಣ್ಣಗೆ ತಲೆಯಾಡಿಸುತ್ತ.

‘ಭಾವ’ ಎಂದಳು ಅವಳು. ‘ನೀವು ನಿಂತಿರೋದು ಗೋಡೆಯಿಂದಾಚೆ.’

ಭಾವ ನಕ್ಕು ಕೆಳಗೆ ನೋಡಿದರು. ಅಳಿಸಿಯೂ ಅಳಿಸದ ಕೆಂಪು ಗೆರೆಯನ್ನು ನೋಡಿದರು, ಅಕ್ಕನ ಕೈಯಲ್ಲಿದ್ದ ಇಟ್ಟಿಗೆ ಚೂರನ್ನು ನೋಡಿದರು, ಅವಳನ್ನು ನೋಡಿದರು. ಎತ್ತಿದ್ದ ಕೈಯನ್ನು ಭಾವ ಮೆಲ್ಲಗೆ ಇಳಿಸಿದರು.